ತ್ಸುಶಿಮಾ ಗೆದ್ದವನು ಟೋಗೋನೋ, ಲಂಡನ್ನಿನ ಖಾತೆಯಲ್ಲಿದ್ದ ಚೀನಾದ ಹಣವೋ?

ಖಾತೆಪುಸ್ತಕ
1905ರ ಮೇ 27ರಂದು ತ್ಸುಶಿಮಾ ಜಲಸಂಧಿಯಲ್ಲಿ ರಷ್ಯಾದ ನೌಕಾಪಡೆ ಮುಳುಗಿದ ಕಥೆಯನ್ನು ಯಾರೇ ಹೇಳಲಿ, ಅದು ಜಪಾನಿನ ಅಡ್ಮಿರಲ್ ಟೋಗೋನಿಂದ ಶುರುವಾಗಿ ಟೋಗೋನಲ್ಲೇ ಮುಗಿಯುತ್ತದೆ. ಅವನ ಹಡಗು ಮಿಕಾಸಾದ ಮೇಲೆ ಹಾರಿದ ಸಂಕೇತದ ಝಡ್ ಬಾವುಟ, ಶತ್ರುವಿನ ಕಣ್ಣೆದುರಿಗೇ ಹಡಗುಗಳ ಸಾಲನ್ನು ತಿರುಗಿಸಿದ ಎದೆಗಾರಿಕೆ, ಹೀಗೆ. ಲೆಕ್ಕಪತ್ರಗಳ ನಡುವೆಯೇ ಉದ್ಯೋಗ ಮುಗಿಸಿದ ನನಗೆ ಕಾಡುವ ಪ್ರಶ್ನೆ ಬೇರೆ. ಆ ಹಡಗುಗಳಿಗೆ ದುಡ್ಡು ಕೊಟ್ಟವರು ಯಾರು?

ಚೀನಾದ ಮೇಲಿನ ಯುದ್ಧ ಗೆದ್ದ ಮರುವರ್ಷ, 1896ರಲ್ಲಿ, ಜಪಾನ್ ಹತ್ತು ವರ್ಷಗಳ ನೌಕಾ ವಿಸ್ತರಣೆಯ ಯೋಜನೆ ಹಾಕಿಕೊಂಡಿತು. ಅದರ ಹಿಂದಿನ ತಲೆ ನೌಕಾಪಡೆಯ ಅಧಿಕಾರಿ ಯಮಾಮೋಟೋ ಗೊನ್ನೊಹ್ಯೋಎ. ಆಗಿನ ನೌಕಾ ಸಚಿವ ಸೈಗೋ ತ್ಸುಗುಮಿಚಿ. ಆರು ಬ್ಯಾಟಲ್‌ಶಿಪ್, ಆರು ಕವಚದ ಕ್ರೂಸರ್. ಹಾಗಾಗಿಯೇ ಅದಕ್ಕೆ ‘ಆರು-ಆರು ಪಡೆ’ ಎಂಬ ಹೆಸರು. ಒಟ್ಟು ಅಂದಾಜು ಸುಮಾರು 21 ಕೋಟಿ ಯೆನ್. ಯುದ್ಧಕ್ಕೆ ಮುಂಚೆ ಇಡೀ ಸರ್ಕಾರದ ವರ್ಷದ ಖರ್ಚೇ ಹತ್ತು ಕೋಟಿ ಯೆನ್ ಮುಟ್ಟದಿದ್ದ ದೇಶ ಅದು.

ಹಣ ಬಂದದ್ದು ಚೀನಾದ ಮೇಲಿನ ಯುದ್ಧ ಮುಗಿಸಿದ 1895ರ ಶಿಮೊನೊಸೆಕಿ ಒಪ್ಪಂದದಿಂದ. ಚೀನಾ 20 ಕೋಟಿ ಟೇಲ್ (ಟೇಲ್ ಎಂದರೆ ಚೀನಾದ ತೂಕದ ಅಳತೆ) ಬೆಳ್ಳಿಯ ದಂಡ ಕಟ್ಟಬೇಕಾಯಿತು. ಅದಾದ ಆರೇ ದಿನಗಳಲ್ಲಿ ರಷ್ಯಾ, ಜರ್ಮನಿ, ಫ್ರಾನ್ಸ್ ಮೂವರೂ ಸೇರಿ ಲಿಯಾವೋಡಾಂಗ್ ಪರ್ಯಾಯ ದ್ವೀಪವನ್ನು ಚೀನಾಕ್ಕೆ ಹಿಂದಿರುಗಿಸಿ ಎಂದು ಜಪಾನಿನ ಕೈ ತಿರುಚಿದವು. ಹಿಂದಿರುಗಿಸಿದ್ದಕ್ಕೆ ಇನ್ನೂ ಮೂರು ಕೋಟಿ ಟೇಲ್. ಚೀನಾದ ಬೊಕ್ಕಸದಲ್ಲಿ ಇಷ್ಟು ಹಣ ಎಲ್ಲಿತ್ತು? ಸಾಲ ಎತ್ತಿತು. ಮೊದಲ ಸಾಲ 1895ರಲ್ಲಿ, 40 ಕೋಟಿ ಫ್ರಾಂಕ್. ಕೊಟ್ಟವು ಫ್ರೆಂಚ್ ಮತ್ತು ರಷ್ಯನ್ ಬ್ಯಾಂಕುಗಳು. ಜಾಮೀನು ನಿಂತದ್ದು ರಷ್ಯಾದ ಸರ್ಕಾರ! ದಂಡದ ಹಣ ಲಂಡನ್ನಿನಲ್ಲಿ, ಪೌಂಡ್ ಲೆಕ್ಕದಲ್ಲಿ ಸಂದಾಯವಾಯಿತು. ಸುಮಾರು 3.8 ಕೋಟಿ ಪೌಂಡ್. ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿದ್ದ ಆ ಹಣ ಟೋಕಿಯೋದ ಮುಖ ನೋಡುವ ಅಗತ್ಯವೇ ಇರಲಿಲ್ಲ. ಹಡಗು ಕಟ್ಟುವವರು ಇದ್ದದ್ದು ಅದೇ ದೇಶದಲ್ಲಿ. ಹನ್ನೆರಡರಲ್ಲಿ ಹತ್ತು ಹಡಗುಗಳು ಬ್ರಿಟನ್ನಿನಲ್ಲೇ ಹುಟ್ಟಿದವು.

ಜಾಮೀನು ನಿಂತು ಮನೆ ಕಳೆದುಕೊಂಡವರನ್ನು ಸಾಕಷ್ಟು ಕಂಡಿದ್ದೇನೆ. ನೌಕಾಪಡೆಯನ್ನೇ ಕಳೆದುಕೊಂಡ ಜಾಮೀನುದಾರ ನನಗೆ ಸಿಕ್ಕಿರುವುದು ಇವನೊಬ್ಬನೇ. ನನ್ನ ವಾದ ಇಷ್ಟು: ತ್ಸುಶಿಮಾದ ಫಲಿತಾಂಶ 1896 ಮತ್ತು 1902ರ ನಡುವೆ ಖಾತೆಗಳಲ್ಲೇ ಬರೆದಾಗಿತ್ತು. ಟೋಗೋ ಸಹಿ ಹಾಕಿದ. ಒಪ್ಪದವರು ಬನ್ನಿ.

ಕಾಲಾಳು
ಎರಡನೆಯ ಮಹಾಯುದ್ಧದ ಯಮಾಟೊ, ಮುಸಾಶಿ ಹಡಗುಗಳ ಬಗ್ಗೆ ಚರ್ಚೆ ಎಂದುಕೊಂಡು ಬಂದೆ. 46 ಸೆಂಟಿಮೀಟರ್ ಫಿರಂಗಿಗಳ ಮುಂದೆ ಇವೆಲ್ಲ ಆಟಿಕೆ ಅಲ್ಲವೇ?

ಖಾತೆಪುಸ್ತಕ
ಅದು ಇನ್ನೊಂದು ಯುದ್ಧ, ಇನ್ನೊಂದು ಸಾಲ. ಅದಕ್ಕೆ ಬೇರೆ ಚರ್ಚೆ ತೆರೆಯಿರಿ, ಅಲ್ಲಿಗೂ ಬರುತ್ತೇನೆ.

ಇತಿಹಾಸದ ಮೇಷ್ಟರು
ರಾಯರೇ, ನಿಮ್ಮ ಜಾಮೀನಿನ ಮಾತು ಚೆನ್ನಾಗಿದೆ, ಮುಂದಿನ ಪಾಠದಲ್ಲಿ ಕದಿಯುತ್ತೇನೆ. ಆದರೆ ಕಥೆಯನ್ನು ನೀವು ಮಧ್ಯದಿಂದ ಶುರು ಮಾಡಿದ್ದೀರಿ. ಆರು ಬ್ಯಾಟಲ್‌ಶಿಪ್‌ಗಳಲ್ಲಿ ಮೊದಲ ಎರಡು, ಫುಜಿ ಮತ್ತು ಯಾಶಿಮಾ, ಚೀನಾದ ದಂಡದ ಹಣ ಕಾಣುವುದಕ್ಕೆ ಮೊದಲೇ ನಿಗದಿಯಾಗಿದ್ದವು.

ಹಿನ್ನೆಲೆ ಇದು. 1886ರಲ್ಲಿ ಚೀನಾದ ಎರಡು ದೈತ್ಯ ಹಡಗುಗಳು, ಡಿಂಗ್‌ಯುವಾನ್ ಮತ್ತು ಝೆನ್‌ಯುವಾನ್, ನಾಗಸಾಕಿ ಬಂದರಿಗೆ ಬಂದವು. ಜರ್ಮನಿಯ ಸ್ಟೆಟಿನ್‌ನಲ್ಲಿ ಕಟ್ಟಿದವು. ಒಂದೊಂದರ ಮೇಲೂ ನಾಲ್ಕು 30 ಸೆಂಟಿಮೀಟರ್ ಫಿರಂಗಿಗಳು. ದಡಕ್ಕಿಳಿದ ಚೀನೀ ನಾವಿಕರಿಗೂ ಊರಿನ ಪೊಲೀಸರಿಗೂ ಬೀದಿಯಲ್ಲಿ ಹೊಡೆದಾಟವಾಗಿ ಎರಡೂ ಕಡೆ ಸತ್ತರು. ಬಂದರಿನಲ್ಲಿ ನಿಂತಿದ್ದ ಆ ಹಡಗುಗಳಿಗೆ ಎದುರಾಗಿ ನಿಲ್ಲಿಸಲು ಜಪಾನಿನ ಬಳಿ ಏನೂ ಇರಲಿಲ್ಲ. ಆ ಅವಮಾನ ಮನಸ್ಸಿನಲ್ಲಿ ಕೂತಿತು.

ದುಡ್ಡು ಕೇಳಿದರೆ ಸಂಸತ್ತು ಕೊಡಲಿಲ್ಲ. ವರ್ಷ ವರ್ಷವೂ ಹಡಗಿನ ಬಾಬತ್ತಿಗೆ ಕತ್ತರಿ. ಕೊನೆಗೆ 1893ರ ಫೆಬ್ರವರಿಯಲ್ಲಿ ಮೇಜಿ ಚಕ್ರವರ್ತಿಯೇ ಶಾಸನ ಹೊರಡಿಸಿದ. ಅರಮನೆಯ ಖರ್ಚಿನಿಂದ ವರ್ಷಕ್ಕೆ ಮೂರು ಲಕ್ಷ ಯೆನ್‌ನಂತೆ ಆರು ವರ್ಷ ಹಡಗುಗಳಿಗೆ ಕೊಡುವುದಾಗಿಯೂ, ಸರ್ಕಾರಿ ಅಧಿಕಾರಿಗಳು ಸಂಬಳದ ಹತ್ತನೆಯ ಒಂದು ಭಾಗ ಬಿಟ್ಟುಕೊಡಬೇಕೆಂದೂ ಹೇಳಿದ. ಚಕ್ರವರ್ತಿಯೇ ಊಟ ಕಡಿಮೆ ಮಾಡಿಕೊಂಡಮೇಲೆ ಸದಸ್ಯರು ಹೇಗೆ ಇಲ್ಲವೆನ್ನುತ್ತಾರೆ? ಫುಜಿಯನ್ನು ಥೇಮ್ಸ್ ತೀರದ ಥೇಮ್ಸ್ ಐರನ್‌ವರ್ಕ್ಸ್‌ಗೂ ಯಾಶಿಮಾವನ್ನು ಟೈನ್ ನದಿಯ ಎಲ್ಸ್‌ವಿಕ್‌ನಲ್ಲಿದ್ದ ಆರ್ಮ್‌ಸ್ಟ್ರಾಂಗ್ ಕಂಪನಿಗೂ ವಹಿಸಿದರು.

ಇದೇ ಕಾಲದಲ್ಲಿ ಪೀಕಿಂಗಿನಲ್ಲಿ ನೌಕಾಪಡೆಯ ಹಣ ವಿಧವಾ ರಾಣಿ ಸಿಶಿಯ ಬೇಸಿಗೆ ಅರಮನೆಗೆ ಹರಿಯುತ್ತಿತ್ತು. ಅಲ್ಲಿನ ಕೆರೆಯಲ್ಲಿ ಅಮೃತಶಿಲೆಯ ದೋಣಿ ಈಗಲೂ ಇದೆ, ಕದಲದ ದೋಣಿ. ಒಂದು ಅರಮನೆ ಹಡಗಿಗೆ ಕೊಟ್ಟಿತು, ಇನ್ನೊಂದು ಹಡಗಿನಿಂದ ಕಿತ್ತುಕೊಂಡಿತು. ನಿಮ್ಮ ಖಾತೆಯಲ್ಲಿ ಇದಕ್ಕೊಂದು ಕಾಲಂ ಹಾಕಿಕೊಳ್ಳಿ.

ಇನ್ನೊಂದು ತಕರಾರು. ದಂಡದ ಹಣದಲ್ಲಿ ನೌಕಾಪಡೆಗೆ ಸಂದದ್ದು ಸುಮಾರು 14 ಕೋಟಿ ಯೆನ್. ಉಳಿದದ್ದಕ್ಕೆ ತೆರಿಗೆ, ಸಾಲ. 1898ರ ಕೊನೆಯಲ್ಲಿ ಭೂಕಂದಾಯವನ್ನು ಶೇಕಡಾ 2.5ರಿಂದ 3.3ಕ್ಕೆ ಏರಿಸಿದರು. ಸಾಕೆ ಮದ್ಯದ ಸುಂಕ ಏರಿತು, ತಂಬಾಕಿನ ಎಲೆ ಸರ್ಕಾರದ ಏಕಸ್ವಾಮ್ಯವಾಯಿತು. ಅಂದರೆ ಭತ್ತದ ಗದ್ದೆಯವನೂ ಸಂಜೆ ಒಂದು ಬಟ್ಟಲು ಕುಡಿದವನೂ ಮಿಕಾಸಾದ ಒಂದೊಂದು ಮೊಳೆಗೆ ದುಡ್ಡು ಕೊಟ್ಟಿದ್ದಾರೆ.

ಖಾತೆಪುಸ್ತಕ
ಫುಜಿ, ಯಾಶಿಮಾ ವಿಷಯ ಒಪ್ಪಿದೆ. ತಿದ್ದಿಕೊಳ್ಳುತ್ತೇನೆ. ಆದರೆ ಅವೆರಡೇ ಇದ್ದಿದ್ದರೆ ರಷ್ಯಾದ ನೌಕಾನೆಲೆಯಾಗಿದ್ದ ಪೋರ್ಟ್ ಆರ್ಥರಿನ ಹತ್ತಿರ ಸುಳಿಯುವ ಧೈರ್ಯವೂ ಬರುತ್ತಿರಲಿಲ್ಲ. ಅರಮನೆಯ ಮೂರು ಲಕ್ಷ ಒಂದು ದೊಡ್ಡ ಸನ್ನೆ ಅಷ್ಟೆ, ಮೊತ್ತವಲ್ಲ. ಅಂದಹಾಗೆ ಅದೇ ಅರಮನೆಗೆ ಚೀನಾದ ದಂಡದಿಂದ ಎರಡು ಕೋಟಿ ಯೆನ್ ವಾಪಸು ಹೋಯಿತು. ಬಡ್ಡಿ ಚೆನ್ನಾಗಿಯೇ ಬಂದಿದೆ.

ಬೆಳಗಿನ ಪಾಳಿ
ಮೂರ್ಖ ಪ್ರಶ್ನೆಯಾದರೆ ಕ್ಷಮಿಸಿ. ಅಷ್ಟು ಸ್ವಾಭಿಮಾನದ ದೇಶ ತಾನೇ ಏಕೆ ಕಟ್ಟಿಕೊಳ್ಳಲಿಲ್ಲ? ಹೊರಗಿನಿಂದ ಏಕೆ ಕೊಂಡಿತು?

ಧಕ್ಕೆಯವನು
ಮೂರ್ಖ ಪ್ರಶ್ನೆ ಅಲ್ಲವೇ ಅಲ್ಲ, ಇಡೀ ಚರ್ಚೆಯ ಒಳ್ಳೆಯ ಪ್ರಶ್ನೆ ಅದೇ. ನಾನು ಇಪ್ಪತ್ತೆರಡು ವರ್ಷ ಹಡಗು ದುರಸ್ತಿಯ ಕೆಲಸದಲ್ಲಿದ್ದವನು, ಆ ಕಡೆಯಿಂದ ಹೇಳುತ್ತೇನೆ.

ಕಟ್ಟಲು ಅವರಿಗೆ ಬರುತ್ತಲೇ ಇರಲಿಲ್ಲ ಎಂದಲ್ಲ. ಯೊಕೊಸುಕಾದ ಹಡಗುಕಟ್ಟೆಯನ್ನು ಫ್ರೆಂಚ್ ಎಂಜಿನಿಯರ್ ವೆರ್ನಿ 1860ರ ದಶಕದಲ್ಲೇ ಶುರು ಮಾಡಿದ್ದ. ಚೀನಾದ ಆ ಎರಡು ದೈತ್ಯರಿಗೆ ಉತ್ತರವಾಗಿ ಇನ್ನೊಬ್ಬ ಫ್ರೆಂಚ್ ಎಂಜಿನಿಯರ್ ಬೆರ್ತಾಂ ರೂಪಿಸಿದ ಮೂರು ಹಡಗುಗಳಲ್ಲಿ ಹಶಿದಾತೆಯನ್ನು ಯೊಕೊಸುಕಾದಲ್ಲೇ ಕಟ್ಟಿದರು. ಚಿಕ್ಕ ಮೈ, ಅದರ ಮೇಲೆ 32 ಸೆಂಟಿಮೀಟರಿನ ಒಂದೇ ಒಂದು ಫಿರಂಗಿ. ಫಿರಂಗಿಯನ್ನು ಪಕ್ಕಕ್ಕೆ ತಿರುಗಿಸಿದರೆ ಹಡಗೇ ವಾಲುತ್ತಿತ್ತು. ಮೋಟಾರು ಬೈಕಿನ ಮೇಲೆ ಅಲ್ಮೆರಾ ಸಾಗಿಸಿದಂತೆ. ಚೀನಾದ ಮೇಲಿನ ಯುದ್ಧದ ಯಾಲು ಕಾಳಗದಲ್ಲಿ ಆ ಮೂರು ಫಿರಂಗಿಗಳು ಇಡೀ ದಿನ ಹಾರಿಸಿದ ಗುಂಡುಗಳನ್ನು ಬೆರಳಿನಲ್ಲಿ ಎಣಿಸಬಹುದಿತ್ತು. ಗೆಲುವು ತಂದದ್ದು ಬೇಗ ಬೇಗ ಹಾರುವ ಚಿಕ್ಕ ಫಿರಂಗಿಗಳು ಮತ್ತು ಯೊಶಿನೊದಂತಹ ವೇಗದ ಹಡಗುಗಳು. ಪಾಠ ಅಲ್ಲಿಯೇ ಆಯಿತು.

ಹದಿನೈದು ಸಾವಿರ ಟನ್ನಿನ ಹಡಗು ಎಂದರೆ ತಟ್ಟೆ ಬಗ್ಗಿಸಿ ಮೊಳೆ ಬಡಿಯುವುದಲ್ಲ. ಒಂಬತ್ತು ಅಂಗುಲ ದಪ್ಪದ ಗಟ್ಟಿ ಮೇಲ್ಮೈಯ ಉಕ್ಕು ಬೇಕು, ಅದನ್ನು ಎರಕ ಹೊಯ್ದು ಹದಗೊಳಿಸುವ ಕುಲುಮೆ ಬೇಕು. ಯವಾಟಾದ ಉಕ್ಕಿನ ಕಾರ್ಖಾನೆ ಕೆಲಸ ಶುರು ಮಾಡಿದ್ದೇ 1901ರಲ್ಲಿ. ಅಷ್ಟು ಹೊತ್ತಿಗೆ ಬ್ರಿಟನ್ನಿನಲ್ಲಿ ಶಿಕಿಶಿಮಾ, ಅಸಾಹಿ, ಹತ್ಸುಸೆ ಮುಗಿದು ಮಿಕಾಸಾ ನೀರಿಗಿಳಿದಾಗಿತ್ತು. ಉಕ್ಕಿಗಾಗಿ ಕಾದಿದ್ದರೆ ಯುದ್ಧದ ಕಾಲವೇ ಕಳೆದುಹೋಗುತ್ತಿತ್ತು.

ಆದರೆ ಕೊಂಡು ಸುಮ್ಮನೆ ಕೂರಲಿಲ್ಲ. ಬ್ರಿಟನ್ನಿನ ಕಟ್ಟೆಗಳಲ್ಲಿ ಜಪಾನಿ ಎಂಜಿನಿಯರರು ಮೇಲ್ವಿಚಾರಕರಾಗಿ ನಿಂತು ಪ್ರತಿ ಕೀಲನ್ನೂ ನೋಡಿಕೊಂಡರು. ಮೇಲ್ವಿಚಾರಣೆ ಎನ್ನುವುದು ಸಂಬಳ ಕೊಟ್ಟು ಕಲಿಯುವ ಶಾಲೆ. ನಮ್ಮ ಹಿರಿಯ ಫೋರ್‌ಮನ್ ಹೀಗೆಯೇ ಕಲಿತವರು. ಇನ್ನೊಂದು ಕಡೆ ಊರಿನಲ್ಲಿ ದುರಸ್ತಿಯ ವ್ಯವಸ್ಥೆ ಬೆಳೆಸಿದರು. ಯೊಕೊಸುಕಾ, ಕುರೆ, ಸಾಸೆಬೊ. 1901ರಲ್ಲಿ ಜಪಾನ್ ಸಮುದ್ರದ ಕಡೆಗೆ ಮೈಜುರು. ಆ ಮೈಜುರು ನೆಲೆಯ ಮೊದಲ ಮುಖ್ಯಸ್ಥ ಯಾರು ಗೊತ್ತೇ? ಟೋಗೋ. 1903ರ ಅಕ್ಟೋಬರಿನಲ್ಲಿ ಅವನನ್ನು ಅಲ್ಲಿಂದಲೇ ನೌಕಾಪಡೆಯ ಮುಂದಾಳಾಗಿ ಕರೆದರು.

ದುರಸ್ತಿಗೆ ಏಕೆ ಇಷ್ಟು ಒತ್ತು ಕೊಡುತ್ತೇನೆ ಎಂದರೆ, ಹಡಗಿನ ವೇಗ ಕಾಗದದ ಮೇಲಿರುವುದಲ್ಲ, ಅದರ ಹೊಟ್ಟೆಯ ಮೇಲಿರುವುದು. ಬಿಸಿ ನೀರಿನಲ್ಲಿ ನಿಂತ ಹಡಗಿನ ಅಡಿಗೆ ಪಾಚಿ, ಚಿಪ್ಪು ಮೆತ್ತಿಕೊಳ್ಳುತ್ತವೆ. ರಷ್ಯಾದ ಬಾಲ್ಟಿಕ್ ಪಡೆ ಮಡಗಾಸ್ಕರಿನ ಹತ್ತಿರ ವಾರಗಟ್ಟಲೆ ಕಾದು, ಅರ್ಧ ಭೂಮಿ ಸುತ್ತಿ, ಒಂದು ಸಲವೂ ಒಣ ಡಾಕ್ ಕಾಣದೆ ತ್ಸುಶಿಮಾಕ್ಕೆ ಬಂತು. ಟೋಗೋನ ಹಡಗುಗಳು ಅಷ್ಟರಲ್ಲಿ ಊರಿಗೆ ಹೋಗಿ ಹೊಟ್ಟೆ ಉಜ್ಜಿಸಿಕೊಂಡು, ಸವೆದ ಫಿರಂಗಿಯ ನಳಿಗೆ ಬದಲಿಸಿಕೊಂಡು ಬಂದಿದ್ದವು. ಆರು-ಆರರ ಗುಟ್ಟೂ ಅದೇ: ಹೆಚ್ಚುಕಡಿಮೆ ಒಂದೇ ವೇಗ, ಒಂದೇ ತರಹದ ಫಿರಂಗಿ. ಸಾಲಿನಲ್ಲಿ ಹೋಗುವ ಹಡಗುಗಳಲ್ಲಿ ಎಲ್ಲಕ್ಕಿಂತ ನಿಧಾನವಾದದ್ದೇ ಎಲ್ಲದರ ವೇಗ.

ಬೆಳಗಿನ ಪಾಳಿ
ಧನ್ಯವಾದ ಸರ್. ಅಲ್ಮೆರಾ ಹೊತ್ತ ಬೈಕ್ ಇನ್ನು ಮರೆಯುವುದಿಲ್ಲ.

ಒಲೆಯ ಮುಂದಿನ ಓದು
ಮಿಕಾಸಾಗೆ ಮುಂಗಡ ಕೊಟ್ಟ ಕಥೆಯನ್ನು ಯಾರೂ ಹೇಳಲಿಲ್ಲವಲ್ಲ? ಜಪಾನಿನಲ್ಲಿ ಬಹಳ ಪ್ರಚಲಿತವಂತೆ. ಕೊನೆಯ ಹಡಗಿಗೆ ಬ್ರಿಟನ್ನಿನ ವಿಕರ್ಸ್ ಕಂಪನಿ ಹಣ ಕೇಳಿತು, ಆ ವರ್ಷದ ಅಂದಾಜು ಪೂರ್ತಿ ಬರಿದಾಗಿತ್ತು. ಯಮಾಮೋಟೋ ತಲೆಯ ಮೇಲೆ ಕೈಹೊತ್ತು ಸೈಗೋನ ಬಳಿ ಹೋದ. ಸೈಗೋ ತಣ್ಣಗೆ ಹೇಳಿದನಂತೆ: ಬೇರೆ ಬಾಬತ್ತಿನ ಹಣ ತೆಗೆದು ಕೊಡು, ಅದು ಸಂವಿಧಾನಕ್ಕೆ ವಿರುದ್ಧವೇ ಸರಿ, ಸಂಸತ್ತು ಲೆಕ್ಕ ಕೇಳಿದರೆ ಇಬ್ಬರೂ ಅರಮನೆಯ ಸೇತುವೆಯ ಮುಂದೆ ಹೊಟ್ಟೆ ಸೀಳಿಕೊಳ್ಳೋಣ, ನಾವು ಹೋದರೂ ಹಡಗು ಬಂದರೆ ಆಯಿತಲ್ಲ. ಕಥೆಗೆ ಬಣ್ಣ ಹಚ್ಚಿರಬಹುದು, ಆದರೆ ಎಂಥ ಕಥೆ!

ಖಾತೆಪುಸ್ತಕ
ಮೂವತ್ತೈದು ವರ್ಷ ಇಂಥವರ ಕಡತಗಳ ಮೇಲೆ ಕೆಂಪು ಶಾಯಿಯಲ್ಲಿ ಆಕ್ಷೇಪಣೆ ಬರೆದವನು ನಾನು. ಒಂದು ಬಾಬತ್ತಿನ ಹಣ ಇನ್ನೊಂದಕ್ಕೆ ತೆಗೆದು, ‘ಸಾರ್ವಜನಿಕ ಹಿತಕ್ಕಾಗಿ’ ಎಂದು ಬರೆಯದ ಅಧಿಕಾರಿಯನ್ನು ನಾನು ನೋಡಿಲ್ಲ. ಹೊಟ್ಟೆ ಸೀಳಿಕೊಳ್ಳುವ ಮಾತಂತೂ ಯಾರೂ ಎತ್ತಲಿಲ್ಲ. ಗೆದ್ದದ್ದರಿಂದ ಅದು ವೀರಗಾಥೆಯಾಯಿತು. ಮಿಕಾಸಾ 8 ಲಕ್ಷ 80 ಸಾವಿರ ಪೌಂಡಿನ ಹಡಗು. ತ್ಸುಶಿಮಾದಲ್ಲಿ ಮುಳುಗಿದ್ದರೆ ಅದೇ ಕಥೆ ಹಗರಣವಾಗುತ್ತಿತ್ತು.

ಇತಿಹಾಸದ ಮೇಷ್ಟರು
ಅಲ್ಲಿಗೆ, ಗೆಲುವು ಲೆಕ್ಕದಿಂದ ಬರಲಿಲ್ಲ, ಲೆಕ್ಕದ ಮೇಲೆ ತೀರ್ಪು ಗೆಲುವಿನಿಂದ ಬಂತು ಎಂದು ನೀವೇ ಹೇಳಿದಂತಾಯಿತು. ನಿಮ್ಮ ವಾದಕ್ಕೆ ನೀವೇ ಕೊಡಲಿ ಹಾಕಿಕೊಂಡಿರಿ.

ಖಾತೆಪುಸ್ತಕ
ಮೇಷ್ಟರೇ, ಮಾತಿನಲ್ಲಿ ಕಟ್ಟಿಹಾಕಬೇಡಿ. ರಷ್ಯಾದ ಕಡೆಯ ದಿನಾಂಕ ನೋಡಿ. 1898ರಲ್ಲಿ ಪೋರ್ಟ್ ಆರ್ಥರನ್ನು ಗುತ್ತಿಗೆಗೆ ಪಡೆದ ವರ್ಷವೇ ಅವರೂ ದೂರಪ್ರಾಚ್ಯಕ್ಕೆಂದು ಹೊಸ ಹಡಗುಗಳ ಯೋಜನೆ ಹಾಕಿದರು. ಒಂದನ್ನು ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಇನ್ನೊಂದನ್ನು ಫ್ರಾನ್ಸಿನಲ್ಲಿ, ಬೊರೊಡಿನೊ ವರ್ಗದ ಐದನ್ನು ಪೀಟರ್ಸ್‌ಬರ್ಗಿನಲ್ಲಿ. ಎಲ್ಲ ಮುಗಿಯುವುದಕ್ಕೆ 1905 ಆಗುತ್ತಿತ್ತು. ಜಪಾನಿನ ಮಿಕಾಸಾ 1902ರ ಮಾರ್ಚಿನಲ್ಲೇ ಕೈಸೇರಿತು. ಬ್ರಿಟನ್ನಿನ ಜೊತೆಗಿನ ಮೈತ್ರಿಗೆ ಸಹಿ ಬಿದ್ದದ್ದು ಅದೇ ಜನವರಿ 30ರಂದು. ಸೈಬೀರಿಯದ ರೈಲು ಹಾದಿ ಬೈಕಲ್ ಸರೋವರದ ಬಳಿ ಇನ್ನೂ ಕೂಡಿರಲಿಲ್ಲ. 1902ರ ನಂತರ, 1905ಕ್ಕೆ ಮುಂಚೆ: ಬಾಗಿಲು ತೆರೆದಿದ್ದದ್ದು ಅಷ್ಟೇ ಕಾಲ. ಮುಂಗಡವಾಗಿ ಸುರಿದ ಚೀನಾದ ಹಣ ಕೊಂಡದ್ದು ಹಡಗನ್ನಲ್ಲ, ಆ ಎರಡು-ಮೂರು ವರ್ಷಗಳನ್ನು. ಯುದ್ಧ 1904ರ ಫೆಬ್ರವರಿಯಲ್ಲಿ ಶುರುವಾದದ್ದು ಆಕಸ್ಮಿಕವೇ?

ಕಾಲಾಳು
ಈ ಕಡೆಯೂ ರಸವತ್ತಾಗಿದೆ, ತಪ್ಪು ಒಪ್ಪಿಕೊಳ್ಳುತ್ತೇನೆ. ಯುದ್ಧಕ್ಕೆ ತುಸು ಮುಂಚೆ ಇಟಲಿಯ ಹಡಗುಗಳನ್ನು ಕೊಂಡರಂತಲ್ಲ?

ಧಕ್ಕೆಯವನು
ಹೌದು, ಅದು ಸಂತೆಯ ಕೊನೆಯ ಗಳಿಗೆಯ ವ್ಯಾಪಾರ. ಅರ್ಜೆಂಟೀನಾಕ್ಕೆಂದು ಜಿನೋವಾದಲ್ಲಿ ಅನ್ಸಾಲ್ಡೊ ಕಂಪನಿ ಎರಡು ಕವಚದ ಕ್ರೂಸರ್ ಕಟ್ಟುತ್ತಿತ್ತು. ಅರ್ಜೆಂಟೀನಾ, ಚಿಲಿ ರಾಜಿಯಾದವು. ಇಬ್ಬರಿಗೂ ಹಡಗು ಬೇಡವಾದವು. ಚಿಲಿಯ ಎರಡು ಬ್ಯಾಟಲ್‌ಶಿಪ್‌ಗಳು ರಷ್ಯಾದ ಪಾಲಾಗದಿರಲೆಂದು ಬ್ರಿಟನ್ ತಾನೇ ಕೊಂಡಿತು. ಜಿನೋವಾದವನ್ನು 1903ರ ಡಿಸೆಂಬರಿನಲ್ಲಿ ಜಪಾನ್ ಹೊಡೆದುಕೊಂಡಿತು. ಕಸುಗಾ, ನಿಶ್ಶಿನ್ ಎಂದು ಹೆಸರಿಟ್ಟು ತಂದರೆ, ಯೊಕೊಸುಕಾ ಮುಟ್ಟಿದ್ದು ಫೆಬ್ರವರಿ 16ಕ್ಕೆ. ಯುದ್ಧ ಶುರುವಾಗಿ ವಾರ ಕಳೆದಿತ್ತು. ನಿಶ್ಶಿನ್ ಮೇಲೆ ತ್ಸುಶಿಮಾದಲ್ಲಿ ಎರಡು ಬೆರಳು ಕಳೆದುಕೊಂಡ ಒಬ್ಬ ಹುಡುಗನಿದ್ದ. ನಿಮ್ಮ ಯಮಾಟೊ ಕಾಲದ ಅಡ್ಮಿರಲ್ ಯಮಾಮೋಟೋ ಇಸೊರೊಕು ಅವನೇ.

ಇತಿಹಾಸದ ಮೇಷ್ಟರು
ಆ ಎರಡು ಹಡಗುಗಳ ವಿಷಯ ಬಂದದ್ದು ಒಳ್ಳೆಯದಾಯಿತು. ರಾಯರ ವಾದ ಮುಗ್ಗರಿಸುವುದು ಅಲ್ಲಿಯೇ.

1904ರ ಮೇ 15. ಪೋರ್ಟ್ ಆರ್ಥರಿನ ಮುಂದೆ ಜಪಾನಿ ಹಡಗುಗಳು ದಿನವೂ ಒಂದೇ ಹಾದಿಯಲ್ಲಿ ಪಹರೆ ತಿರುಗುತ್ತಿದ್ದವು. ಅದನ್ನು ಗಮನಿಸಿದ ರಷ್ಯಾದ ಅಮುರ್ ಎಂಬ ಹಡಗು ಹಿಂದಿನ ದಿನ ಮಂಜಿನಲ್ಲಿ ಬಂದು ಆ ಹಾದಿಗೇ ನೀರಿನೊಳಗಿನ ಸಿಡಿಗುಂಡುಗಳನ್ನು (ಮೈನ್) ಬಿತ್ತಿ ಹೋಗಿತ್ತು. ಬೆಳಿಗ್ಗೆ ಹತ್ಸುಸೆ ಒಂದಕ್ಕೆ ತಾಗಿತು. ನೆರವಿಗಿದ್ದ ಯಾಶಿಮಾವೂ ತಾಗಿಸಿಕೊಂಡಿತು. ಹತ್ಸುಸೆಗೆ ಇನ್ನೊಂದು ತಾಗಿ ಮದ್ದಿನ ಕೋಣೆಯೇ ಸಿಡಿಯಿತು. ಸುಮಾರು 500 ಜನ ಅದರೊಂದಿಗೆ ಹೋದರು. ಯಾಶಿಮಾವನ್ನು ಎಳೆದುಕೊಂಡು ಹೋಗಿ, ಉಳಿಯದೆ, ಸಂಜೆಗೆ ಅದೂ ಮುಳುಗಿತು. ಅದೇ ನಸುಕಿನಲ್ಲಿ ಮಂಜಿನಲ್ಲಿ ಕಸುಗಾ ಡಿಕ್ಕಿ ಹೊಡೆದು ಯೊಶಿನೊ ಮುಳುಗಿತ್ತು.

ಆರು ಬ್ಯಾಟಲ್‌ಶಿಪ್‌ಗಳಲ್ಲಿ ಎರಡು ಒಂದೇ ದಿನ. ನಿಮ್ಮ ಖಾತೆಯಲ್ಲಿ ಆ ದಿನ ಎಷ್ಟು ಕೋಟಿ ಇದ್ದರೂ ಏನು ಪ್ರಯೋಜನ? ಹೊಸ ಎರಡು ಹಡಗುಗಳು, ಕತೋರಿ ಮತ್ತು ಕಶಿಮಾ, ಬ್ರಿಟನ್ನಿನಲ್ಲಿ ಏಳುತ್ತಿದ್ದವು. ಯುದ್ಧ ಮುಗಿಯುವ ತನಕ ತಟಸ್ಥ ದೇಶದಿಂದ ಹೊರಡುವಂತಿರಲಿಲ್ಲ, ಅವನ್ನು ಕಟ್ಟಿ ಮುಗಿಸಿದ್ದೂ 1906ಕ್ಕೆ. ಕೊಂಡ ಪಡೆಗೆ ಇರುವ ಶಾಪ ಇದು. ತಾಯಿಯ ಮನೆ ದೂರ. ಯಾಶಿಮಾ ಮುಳುಗಿದ್ದನ್ನು ರಷ್ಯನ್ನರು ಕಣ್ಣಾರೆ ಕಂಡಿರಲಿಲ್ಲ, ಹಾಗಾಗಿ ಜಪಾನ್ ತ್ಸುಶಿಮಾ ಮುಗಿಯುವವರೆಗೆ ಬಾಯಿ ಬಿಡಲಿಲ್ಲ. ಒಂದು ವರ್ಷ ಆ ಹಡಗು ಬರೀ ಹೆಸರಿನ ಮೇಲೆ ತೇಲಿತು.

ತ್ಸುಶಿಮಾದ ಸಾಲಿನಲ್ಲಿ ಮಿಕಾಸಾ, ಶಿಕಿಶಿಮಾ, ಫುಜಿ, ಅಸಾಹಿಗಳ ಹಿಂದೆ ಕಸುಗಾ, ನಿಶ್ಶಿನ್ ನಿಂತದ್ದು ಈ ತೂತು ಮುಚ್ಚಲು. ಆ ಮೇ ತಿಂಗಳಿನಲ್ಲಿ ಉಳಿದ ನಾಲ್ಕನ್ನು ಜೋಪಾನ ಮಾಡಿಕೊಂಡೇ ಪೋರ್ಟ್ ಆರ್ಥರನ್ನು ಕಟ್ಟಿಹಾಕಿದವನು ಟೋಗೋ. ಅದನ್ನು ಯಾವ ಬಾಬತ್ತಿನಲ್ಲಿ ಬರೆಯುತ್ತೀರಿ?

ಧಕ್ಕೆಯವನು
ಮೇಷ್ಟರ ಮಾತಿಗೆ ಒಂದು ಸೇರ್ಪಡೆ. ಆ ಎರಡು ಹಡಗು ಹೋದ ಮೇಲೆಯೇ ತ್ಸುಕುಬಾ ಎಂಬ ದೊಡ್ಡ ಕವಚದ ಹಡಗನ್ನು ಕುರೆಯಲ್ಲಿ ತಾವೇ ಕಟ್ಟಲು ಹೊರಟರು. 1905ರ ಜನವರಿಯಲ್ಲಿ ಆರಂಭ, ಅದೇ ಡಿಸೆಂಬರಿನಲ್ಲಿ ನೀರಿಗೆ. ಯೊಕೊಸುಕಾದಲ್ಲಿ ಸತ್ಸುಮಾ ಶುರುವಾದದ್ದೂ 1905ರ ಮೇ ತಿಂಗಳಲ್ಲೇ. ಹೊರಗೆ ಕಟ್ಟಿಸಿದ ಕೊನೆಯ ದೊಡ್ಡ ಹಡಗು ವಿಕರ್ಸ್‌ನ ಕೊಂಗೋ, 1913. ಆಮೇಲೆ ಆ ಬಾಗಿಲು ಮುಚ್ಚಿತು. ಬೆಳಗಿನ ಪಾಳಿಯವರ ಪ್ರಶ್ನೆಗೆ ಪೂರ್ತಿ ಉತ್ತರ ಇದು.

ಮಂಡ್ಯದ ಮಾತು
ಸಂಬಂಧವಿಲ್ಲ ಎನ್ನಬೇಡಿ. ಈ ಹಡಗುಗಳು ಏಳುತ್ತಿದ್ದ 1898ರಲ್ಲೇ ನಮ್ಮ ಎಂ. ವಿಶ್ವೇಶ್ವರಯ್ಯನವರು ಜಪಾನ್ ಸುತ್ತಿ ಬಂದಿದ್ದರು. ಆಗ ಅವರು ಮುಂಬಯಿ ಪ್ರಾಂತದ ಎಂಜಿನಿಯರ್. ಭದ್ರಾವತಿಯ ಕುಲುಮೆಯ ಕನಸು ಅಲ್ಲಿಯೇ ಹುಟ್ಟಿತೇನೋ ಎಂದು ನನಗೆ ಅನಿಸುತ್ತದೆ.

ಇತಿಹಾಸದ ಮೇಷ್ಟರು
ಹೋಗಿದ್ದದ್ದು ನಿಜ. ಅವರು ಅಲ್ಲಿ ಕಂಡು ಮೆಚ್ಚಿದ್ದು ಶಾಲೆ ಮತ್ತು ಉದ್ಯಮವನ್ನು, ಫಿರಂಗಿಯನ್ನಲ್ಲ. ಯವಾಟಾ ಆಗಿನ್ನೂ ಕೆಲಸ ಶುರುಮಾಡಿರಲಿಲ್ಲ. ಕನಸನ್ನು ಅಷ್ಟು ದೂರ ಎಳೆಯುವುದು ಬೇಡ ಸ್ವಾಮಿ.

ಒಲೆಯ ಮುಂದಿನ ಓದು
ಮಗಳ ಮನೆಗೆಂದು ಹೋದಾಗ ಯೊಕೊಸುಕಾದಲ್ಲಿ ಮಿಕಾಸಾ ನೋಡಿದ್ದೇನೆ. ನೀರಿನಲ್ಲಿಲ್ಲ, ದಡದಲ್ಲಿ ಕಾಂಕ್ರೀಟಿನೊಳಗೆ ಹೂತು ನಿಲ್ಲಿಸಿದ್ದಾರೆ. ಮುಂದೆ ಟೋಗೋನ ಪ್ರತಿಮೆ. ಅವನು ನಿಂತಿದ್ದ ಎತ್ತರದ ಜಾಗಕ್ಕೆ ಹತ್ತಿದೆ. ಸುತ್ತ ಏನೂ ಮರೆಯಿಲ್ಲ, ಗಾಳಿಗೇ ಭಯವಾಗುತ್ತದೆ, ಇನ್ನು ಗುಂಡಿನ ಮಳೆಯಲ್ಲಿ ಹೇಗೆ ನಿಂತನೋ. ಕೆಳಗಿಳಿದು ಫಿರಂಗಿ ಮುಟ್ಟಿ ನೋಡಿದರೆ ಅವು ಅಸಲಿನವಲ್ಲವಂತೆ, ಆಮೇಲೆ ಮಾಡಿಟ್ಟವು. ಸ್ವಲ್ಪ ಬೇಸರವಾಯಿತು.

ಧಕ್ಕೆಯವನು
ಎರಡನೆಯ ಮಹಾಯುದ್ಧದ ನಂತರ ಅದರ ಮೇಲ್ಭಾಗವನ್ನೆಲ್ಲ ಕಿತ್ತು, ಡ್ಯಾನ್ಸ್ ಹಾಲ್ ಮಾಡಿದ್ದರು. 1961ರಲ್ಲಿ ಮತ್ತೆ ಸರಿಮಾಡಿದರು. ಬಿಡಿಭಾಗ ಎಲ್ಲಿಂದ ಬಂತು ಗೊತ್ತೇ? ಚಿಲಿಯ ಅಲ್ಮಿರಾಂತೆ ಲಾತೊರ್ರೆ ಎಂಬ ಹಳೆಯ ಬ್ಯಾಟಲ್‌ಶಿಪ್ ಒಡೆಯಲು ಜಪಾನಿಗೆ ಬಂದಿತ್ತು, ಅದರ ಕೆಲವು ಭಾಗಗಳನ್ನು ಮಿಕಾಸಾಗೆ ಕೂರಿಸಿದರು. ಅದನ್ನು ಕಟ್ಟಿದ್ದು ಯಾಶಿಮಾ ಕಟ್ಟಿದ ಅದೇ ಆರ್ಮ್‌ಸ್ಟ್ರಾಂಗ್ ಕಂಪನಿ.

ಖಾತೆಪುಸ್ತಕ
ಮೇ 15ರ ವಿಷಯದಲ್ಲಿ ಮೇಷ್ಟರಿಗೆ ಸೋತಿದ್ದೇನೆ, ಅರ್ಧ ಮಾತ್ರ. ಉಳಿದ ಅರ್ಧಕ್ಕೆ, ಯುದ್ಧದ ಖರ್ಚಿಗೆ ಜಪಾನಿನ ಬ್ಯಾಂಕ್ ಅಧಿಕಾರಿ ತಕಹಾಶಿ ಕೊರೆಕಿಯೊ ಲಂಡನ್, ನ್ಯೂಯಾರ್ಕುಗಳಲ್ಲಿ ಎತ್ತಿದ ಸಾಲಪತ್ರಗಳ ಲೆಕ್ಕ ಹಿಡಿದು ಭಾನುವಾರ ಬರುತ್ತೇನೆ. ಒಲೆಯ ಮುಂದಿನ ಓದು ಅವರೇ, ಮಿಕಾಸಾ ನೋಡಲು ಟಿಕೆಟ್ ಎಷ್ಟಿತ್ತು?

ಒಲೆಯ ಮುಂದಿನ ಓದು
ಮಗಳು ಕೊಟ್ಟಳು, ಕೇಳಲಿಲ್ಲ.